ಅಕ್ಕ ತಂಗಿಯ ನಡುವಿನ ಕರಿ ತಂತಿ

ಮೊದಲ ದಿನ ಅವಳು ಅವನನ್ನು ಗುಜರಿಯವನೆಂದೇ ತಿಳಿದಳು. ತಿಳಿಯದೆ ಇನ್ನೇನು? ಮೊಣಕೈವರೆಗೆ ಮಡಿಚಿದ ಅಂಗಿ, ಅದರ ಮೇಲೆ ಎರಡು ದಿನದ ಧೂಳು, ಕಂಕುಳಲ್ಲಿ ಸುರುಳಿ ಸುತ್ತಿದ ಗೋಣಿಚೀಲ. ಆಸ್ಪತ್ರೆಯ ರಕ್ತನಿಧಿಯ ಕೌಂಟರಿನೆದುರು ನಿಂತು, ಹಳೇ ಕಂಪ್ಯೂಟರುಗಳು ಬಿದ್ದಿವೆಯಂತಲ್ಲ, ನೋಡಬಹುದೇ ಎಂದು ಕೇಳಿದ. ಅವಳು ತಲೆಯನ್ನೂ ಎತ್ತದೆ ಪೆನ್ನಿನಿಂದ ಹಿಂದಿನ ಕೋಣೆಯನ್ನು ತೋರಿಸಿದಳು.

"ಏಳಿವೆ. ಎಲ್ಲಾ ಎತ್ಕೊಂಡು ಹೋಗಿ. ಧೂಳು ಮಾತ್ರ ಇಲ್ಲಿ ಕೊಡವ್ಬೇಡಿ, ಇದು ಲ್ಯಾಬು."

ಒಂದು ಗಂಟೆಯಾದರೂ ಆಸಾಮಿ ಹೊರಗೆ ಬರಲಿಲ್ಲ. ಅನುಮಾನವಾಗಿ ಇಣುಕಿದಳು. ಏಳು ಡಬ್ಬಗಳ ಹೊಟ್ಟೆ ಬಗೆದು ನೆಲದ ತುಂಬ ಹರಡಿಕೊಂಡು ಅವನು ನಡುವೆ ಚಕ್ಕಂಬಕ್ಕಳ ಹಾಕಿ ಕೂತಿದ್ದ. ಒಂದು ಪುಟ್ಟ ಫ್ಯಾನನ್ನು ಕಿವಿಯ ಹತ್ತಿರ ಹಿಡಿದು, ಬೆರಳಿನಿಂದ ತಿರುಗಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಅವಳ ನೆರಳು ಬಿದ್ದದ್ದು ತಿಳಿದು ಕಣ್ಣು ತೆರೆದ. ಆ ಕಣ್ಣುಗಳು ಸ್ವಲ್ಪ ಹೆಚ್ಚೇ ಹೊತ್ತು ಅವಳ ಮೇಲೆ ನಿಂತವು.

"ಇವು ಗುಜರಿಗೆ ಹೋಗಲ್ಲ ಮೇಡಂ. ಏಳು ಸೇರಿ ಎರಡಾಗ್ತವೆ. ಆ ಎರಡರ ಮೇಲೆ ನಿಮ್ಮ ರಕ್ತನಿಧಿ ನಡೆಯುತ್ತೆ."

ಅಷ್ಟರಲ್ಲಿ ದೊಡ್ಡ ಡಾಕ್ಟರಮ್ಮ ಬಂದು, ನಮಗೆ ಸರ್ವರ್ ಕಟ್ಟಿಕೊಡಲು ಬಂದವರು ಇವರೇ ಎಂದು ಪರಿಚಯಿಸಿದರು. ಅವಳು ನಾಲಿಗೆ ಕಚ್ಚಿಕೊಂಡಳು. ಅವನೇನೂ ಬೇಸರ ಮಾಡಿಕೊಳ್ಳಲಿಲ್ಲ. ಆದರೆ ಆಸ್ಪತ್ರೆಯ ಬಾಯಿಗಳು ಸುಮ್ಮನಿರುತ್ತವೆಯೇ? ಸಂಜೆಯೊಳಗೆ ಅವನು ಎಲ್ಲರಿಗೂ 'ಗುಜರಿ' ಆಗಿಬಿಟ್ಟ. ಅವಳಿಗೆ ಮೊದಲೇ ಒಂದು ಅಡ್ಡಹೆಸರಿತ್ತು. ದಿನವಿಡೀ ರಕ್ತದ ಫ್ರಿಜ್ಜಿನ ಪಕ್ಕ ಕೂತು, ಕೇಳಿದ್ದಕ್ಕೆ ತಣ್ಣಗೆ ಒಂದೇ ಮಾತಿನ ಉತ್ತರ ಕೊಡುವವಳನ್ನು ಎಲ್ಲರೂ 'ಫ್ರಿಜ್ಜಮ್ಮ' ಎಂದು ಕರೆಯುತ್ತಿದ್ದರು.

ಸರ್ವರ್ ಬೇಕಾದದ್ದಕ್ಕೆ ಒಂದು ಕೆಟ್ಟ ಕಾರಣವಿತ್ತು. ಹಿಂದಿನ ವರ್ಷ ರಕ್ತನಿಧಿಗಿದ್ದ ಒಂದೇ ಒಂದು ಕಂಪ್ಯೂಟರ್ ಒಂದು ಬೆಳಿಗ್ಗೆ ಸುಮ್ಮನೆ ನಿಂತುಬಿಟ್ಟಿತ್ತು. ಯಾವ ಚೀಲ ಯಾವ ಫ್ರಿಜ್ಜಿನಲ್ಲಿದೆ, ಯಾವುದರ ಪರೀಕ್ಷೆ ಮುಗಿದಿದೆ, ಯಾವುದನ್ನು ಯಾರಿಗೆ ಕಾದಿರಿಸಿದೆ ಎಂಬುದೊಂದೂ ತಿಳಿಯದೆ ಆರು ಗಂಟೆ ಕಳೆದವು. ಆ ಆರು ಗಂಟೆಗಳಲ್ಲಿ ಎರಡನೆಯ ವಾರ್ಡಿನಲ್ಲಿ ಒಬ್ಬ ತಾಯಿ ತೀರಿಕೊಂಡಳು. ಕಂಪ್ಯೂಟರಿನಿಂದಲೇ ಹೋದಳು ಎಂದು ಯಾರೂ ಹೇಳಲಿಲ್ಲ. ಅಲ್ಲ ಎಂದೂ ಯಾರೂ ಹೇಳಲಿಲ್ಲ. ಅಂದಿನಿಂದ ಅವಳಿಗೆ ಆ ಪರದೆ ಒಂದು ಕ್ಷಣ ಕಪ್ಪಾದರೂ ಕೈಕಾಲು ತಣ್ಣಗಾಗುತ್ತಿದ್ದವು.

ದೊಡ್ಡ ಕಂಪನಿಗಳ ಸರ್ವರ್ ಈ ಆಸ್ಪತ್ರೆಯ ಕೈಗೆಟುಕುವ ಮಾತಾಗಿರಲಿಲ್ಲ. ಇವನ ಬಳಿ ಇದ್ದದ್ದು ಬೇರೆಯವರು ಎಸೆದ ಯಂತ್ರಗಳು, ಮತ್ತು ಎಲ್ಲೆಲ್ಲೋ ಕೂತವರು ಬರೆದು, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಬಿಟ್ಟುಕೊಟ್ಟ ಸಾಫ್ಟ್‌ವೇರ್. ನನ್ನ ಯಂತ್ರ ಕೆಡುವುದಿಲ್ಲ ಎಂದು ಅವನು ಜಂಬ ಕೊಚ್ಚಲಿಲ್ಲ. ಖಂಡಿತ ಕೆಡುತ್ತದೆ, ಒಂದು ಬಿದ್ದರೆ ಇನ್ನೊಂದು ಎದ್ದು ಅದರ ಕೆಲಸ ಹಿಡಿಯುತ್ತದೆ, ನಾನು ಕೊಡುವ ಭರವಸೆ ಅಷ್ಟೇ ಎಂದ. ಈ ಮಾತಿಗೆ ಅವಳು ಮೊದಲ ಸಲ ಪೆನ್ನು ಕೆಳಗಿಟ್ಟು ಅವನನ್ನು ಸರಿಯಾಗಿ ನೋಡಿದಳು.

ಒಂದು ಯಂತ್ರ ಕೆಳಗೆ, ಅವಳ ಕೌಂಟರಿನ ಹಿಂದಿನ ಮರದ ಗೂಡಿನಲ್ಲಿ. ಇನ್ನೊಂದು ಮಹಡಿಯ ಮೇಲೆ, ತುರ್ತು ವಾರ್ಡಿನ ನರ್ಸುಗಳ ಕೋಣೆಯಲ್ಲಿ. ಕೆಳಗಿನದರ ಲೆಕ್ಕವೇ ಕ್ಷಣಕ್ಷಣಕ್ಕೆ ಮೇಲಿನದಕ್ಕೂ ನಕಲಾಗುತ್ತಿತ್ತು. ಎರಡಕ್ಕೂ ಹೆಸರಿಡಿ ಎಂದು ಅವನು ಕೇಳಿದಾಗ ಅವಳು ಯೋಚಿಸಲೂ ಇಲ್ಲ.

"ಕೆಳಗಿಂದು ಅಕ್ಕ. ಮೇಲಿಂದು ತಂಗಿ."

"ನಿಮಗೆ ಅಕ್ಕ ಇದಾರಾ?"

"ಅಕ್ಕ ಒಬ್ಬಳೇ ಇರೋದು."

ತಾಯಿ ಇಲ್ಲದ ಮನೆಯಲ್ಲಿ ಅವಳ ಜಡೆ ಹೆಣೆದವಳು, ಜ್ವರ ಬಂದಾಗ ಹಣೆ ಮುಟ್ಟಿದವಳು, ಶುಲ್ಕ ಕಟ್ಟಲು ತನ್ನ ಓದು ಬಿಟ್ಟವಳು ಅಕ್ಕ. ಈಗ ಆ ಅಕ್ಕ ಮದುವೆಯಾಗಿ ಏಳು ವರ್ಷದ ಮೇಲೆ ಬಸುರಿ. ಇಬ್ಬರ ರಕ್ತವೂ ಓ ನೆಗೆಟಿವ್, ಹುಡುಕಿದರೆ ಸುಲಭಕ್ಕೆ ಸಿಗದ್ದು. ಇದಿಷ್ಟನ್ನೂ ಅವಳು ಹೇಳಿ ಮುಗಿಸುವ ಹೊತ್ತಿಗೆ, ಫ್ರಿಜ್ಜಮ್ಮ ಇಷ್ಟು ಮಾತಾಡಿದ್ದನ್ನು ಕಂಡ ಆಯಾ ಕಸಬರಿಕೆ ಹಿಡಿದು ಅಲ್ಲೇ ನಿಂತುಬಿಟ್ಟಿದ್ದಳು.

ತಂತಿ ಎಳೆಯುವ ದಿನ ಏಣಿ ಹಿಡಿಯಬೇಕಾದ ಕೆಲಸದವನು ಬರಲಿಲ್ಲ. ಅವಳೇ ಹಿಡಿದಳು. ಎರಡು ಯಂತ್ರಗಳ ನಡುವಿನ ಮಾತಿಗೆ ಎರಡು ತಂತಿ ಬೇಕು, ಎರಡೂ ಬೇರೆ ಬೇರೆ ದಾರಿಯಲ್ಲಿ ಹೋಗಬೇಕು, ಒಂದು ತುಂಡಾದರೆ ಇನ್ನೊಂದಾದರೂ ಉಳಿಯಲಿ ಎಂದು ಅವನು ಬೆಳಿಗ್ಗೆಯೇ ವಿವರಿಸಿದ್ದ. ಮೊದಲನೆಯದು ಅವಳ ಕೌಂಟರಿನ ಮೇಲಿನ ಛಾವಣಿಯ ತೂತಿನಿಂದ ಏರಿತು. ಎರಡನೆಯದಕ್ಕೆ ಕಾರಿಡಾರಿನ ಆ ತುದಿಯಲ್ಲಿ, ಮೆಟ್ಟಿಲ ಹತ್ತಿರ, ಹೊಸ ತೂತು ಕೊರೆಯಬೇಕಿತ್ತು. ಕೌಂಟರ್ ಬಿಟ್ಟು ಅಷ್ಟು ದೂರ ಬರಲು ಅವಳಿಗೆ ಆಗುವಂತಿರಲಿಲ್ಲ.

ಅವನು ಏಣಿಯ ಮೇಲಿಂದ ಕೆಳಗೆ ನೋಡಿದ. ಅವಳು ತಲೆಯೆತ್ತಿ ನಿಂತಿದ್ದಳು. ಛಾವಣಿಯ ಸುಣ್ಣದ ಪುಡಿ ಅವಳ ರೆಪ್ಪೆಯ ಮೇಲೆ ಬಿದ್ದಿತ್ತು, ಒರೆಸಿಕೊಳ್ಳಲು ಏಣಿ ಬಿಡಬೇಕಲ್ಲ ಎಂದು ಕಣ್ಣು ಕಿರಿದು ಮಾಡಿಕೊಂಡಿದ್ದಳು.

"ಎರಡನೇದೂ ಇಲ್ಲೇ ಬಿಡ್ತೀನಿ. ಜಾಗ ಇದೆ," ಎಂದ.

"ಬೇರೆ ದಾರಿ ಬೇಕು ಅಂದಿದ್ರಿ?"

"ಆಮೇಲೆ ಮಾಡೋಣ."

ಅವನ ಕಿವಿ ಕೆಂಪಗಾದದ್ದು ಅವಳಿಗೆ ಕಂಡಿತು. ಯಾಕೆಂದು ತಿಳಿದೂ ತಿಳಿಯದವಳಂತೆ ಇದ್ದಳು, ಒಳಗೊಳಗೇ ಖುಷಿಯಾಯಿತು. ಎರಡು ತಂತಿಗಳೂ ಒಂದೇ ತೂತಿನಲ್ಲಿ, ಒಂದಕ್ಕೊಂದು ತಾಗಿಕೊಂಡು ಮೇಲೆ ಹೋದವು. ಆ 'ಆಮೇಲೆ' ಬರಲೇ ಇಲ್ಲ.

ಕೆಲಸ ಮುಗಿದ ಸಂಜೆ ಅವನು ಪರದೆಯ ಮೂಲೆಯಲ್ಲಿ ಮಿಣುಕುವ ಒಂದು ಹಸಿರು ಚುಕ್ಕಿ ತೋರಿಸಿದ. ಅಕ್ಕ ಪ್ರತಿ ಸೆಕೆಂಡಿಗೊಮ್ಮೆ ತಂಗಿಯನ್ನು 'ಇದ್ದೀಯಾ' ಎಂದು ಕೇಳುತ್ತಾಳೆ, ತಂಗಿ 'ಇದ್ದೀನಿ' ಅನ್ನುತ್ತಾಳೆ. ಹತ್ತು ಸಲ ಕೇಳಿಯೂ ಉತ್ತರ ಬರದಿದ್ದರೆ ಸತ್ತಳು ಎಂದು ಲೆಕ್ಕ.

"ಬರೀ ತಂತಿ ತುಂಡಾಗಿದ್ರೆ?" ಅವಳು ಕೇಳಿದಳು.

"ಯಂತ್ರಕ್ಕೆ ಅದು ಗೊತ್ತಾಗಲ್ಲ. ಸತ್ತೋರ ಮೌನ, ದೂರ ಇರೋರ ಮೌನ, ಎರಡೂ ಅದಕ್ಕೆ ಒಂದೇ ಥರ ಕೇಳ್ಸುತ್ತೆ."

"ಮನುಷ್ಯರಿಗೂ ಹಾಗೇ ಅಲ್ವಾ?"

"ಮನುಷ್ಯರಿಗೆ ಕಾಲಿವೆ. ಎದ್ದು ಹೋಗಿ ನೋಡ್ಬಹುದು."

ಅಂದಿನಿಂದ ಒಂದು ಆಟ ಶುರುವಾಯಿತು. ಅವನು ಬೇರೆ ಬೇರೆ ಊರುಗಳ ಶಾಲೆ, ದವಾಖಾನೆಗಳಿಗೆ ಇಂಥವೇ ಯಂತ್ರ ಕಟ್ಟಲು ಹೋಗುತ್ತಿದ್ದ. ಸಂಜೆ ಆರಕ್ಕೆ ಅವಳ ಫೋನಿಗೆ ಒಂದೇ ಪದ ಬರುತ್ತಿತ್ತು: 'ಇದ್ದೀಯಾ?' ಎದುರಿಗೆ ಸಿಕ್ಕಾಗ 'ನೀವು, ತಾವು' ಅನ್ನುವವನು ಯಂತ್ರದ ನೆಪದಲ್ಲಿ ಏಕವಚನಕ್ಕೆ ಇಳಿದಿದ್ದ, ಕಳ್ಳ. ಅವಳು ಬೇಕೆಂದೇ ಸ್ವಲ್ಪ ಕಾಯಿಸಿ 'ಇದ್ದೀನಿ' ಎಂದು ಕಳಿಸುತ್ತಿದ್ದಳು. ಒಮ್ಮೆ ಹತ್ತು ನಿಮಿಷ ತಡವಾಗಿದ್ದಕ್ಕೆ, 'ಒಂಬತ್ತು ಸಲ ಕೇಳಿ ಆಯ್ತು' ಎಂದು ಬಂತು. ಅವಳು ಬಸ್ಸಿನಲ್ಲಿ ಒಬ್ಬಳೇ ನಕ್ಕಳು, ಪಕ್ಕದವರು ಸರಿದು ಕೂತರು. ಅದಕ್ಕಿಂತ ಹೆಚ್ಚಿನ ಮಾತು ಇಬ್ಬರ ಬಾಯಿಂದಲೂ ಹೊರಡಲಿಲ್ಲ.

ಅವನ ಕೆಲಸದಲ್ಲಿ ಇನ್ನೊಂದು ತಂತಿ ಬಾಕಿ ಇತ್ತು. ಮುಂದಿನ ವಾರ ಬಂದು ಅದನ್ನು ಕರೆಂಟಿನ ಪೈಪಿನೊಳಗಿಂದ ಎಳೆದು, ಅಕ್ಕನ ಬೆನ್ನಿಗೆ ಸಿಕ್ಕಿಸಿದ. ಕಪ್ಪು ಬಣ್ಣದ, ಕಿರುಬೆರಳಿನಷ್ಟು ದಪ್ಪದ ತಂತಿ. ಇದು ಏಕೆಂದು ಅವಳು ಕೇಳಿದಳು. ಅವನು ಉತ್ಸಾಹದಿಂದ ವಿವರಿಸಿದ. ಒಬ್ಬಳು ಸುಮ್ಮನಾದಳು ಅಂದಾಕ್ಷಣ ಇನ್ನೊಬ್ಬಳು ಅವಳ ಜಾಗಕ್ಕೆ ಬರುವಂತಿಲ್ಲ. ಒಂದು ವೇಳೆ ಆಕೆ ಬದುಕಿದ್ದರೆ? ಆಗ ಇಬ್ಬರೂ ತಾನೇ ಯಜಮಾನಿ ಎಂದುಕೊಂಡು ಎರಡು ಲೆಕ್ಕ ಬರೆಯುತ್ತಾರೆ. ಒಂದೇ ಚೀಲವನ್ನು ಇಬ್ಬರು ರೋಗಿಗಳಿಗೆ ಕೊಟ್ಟೆ ಅನ್ನುತ್ತಾರೆ. ಅದಕ್ಕೇ ಮೊದಲು ಈ ತಂತಿಯಿಂದ ಆಕೆಯ ಕರೆಂಟು ಕಿತ್ತು, ಸತ್ತದ್ದು ಖಾತ್ರಿ ಮಾಡಿಕೊಂಡು, ಆಮೇಲೆ ಯಜಮಾನಿಕೆ ಹಿಡಿಯಬೇಕು.

"ಅಂದ್ರೆ ತಂಗಿ ಅಕ್ಕನ್ನ ಕೊಲ್ಲೋ ತಂತಿ," ಅಂದಳು ಅವಳು.

"ಅಕ್ಕ ತಂಗಿನ್ನೂ ಕೊಲ್ಬಹುದು. ಒಂದೇ ತಂತಿ, ಎರಡೂ ಕಡೆಗೆ ಹೋಗುತ್ತೆ." ಅವನು ನಗುತ್ತ ತಲೆ ಎತ್ತಿದ. ಅವಳ ಮುಖ ನೋಡಿ ನಗು ನಿಂತಿತು. "ಯಂತ್ರ ರೀ ಅದು. ಒಂದೇ ಒಂದು ಕೊರತೆ ಅಂದ್ರೆ, ಅಗ್ಗದ ತಂತಿ. ಆಜ್ಞೆ ಹೋಗುತ್ತೆ, ತಲುಪಿತಾ ಅಂತ ಉತ್ತರ ಬರಲ್ಲ. ಎರಡೂ ತುದಿ ಗಟ್ಟಿಯಾಗಿ ಸಿಕ್ಸಿದ್ರೆ ಏನೂ ಆಗಲ್ಲ."

ಅದೇ ದಿನ ಮಧ್ಯಾಹ್ನ ಅಕ್ಕನ ಸ್ಕ್ಯಾನಿಂಗ್ ಇತ್ತು. ಮಾಸು ಕೆಳಗೆ ಕೂತಿದೆ ಎಂದರು. ಹೆರಿಗೆಯ ಹೊತ್ತಿಗೆ ರಕ್ತ ತುಂಬ ಹೋಗಬಹುದು, ಎರಡು ಚೀಲ ಓ ನೆಗೆಟಿವ್ ಸದಾ ಇರುವಂತೆ ನೋಡಿಕೊಳ್ಳಿ, ರಕ್ತನಿಧಿಯಲ್ಲಿ ನಿಮ್ಮ ತಂಗಿಯೇ ಇದ್ದಾಳಲ್ಲ ಎಂದರು ಡಾಕ್ಟರು. ಅಕ್ಕ ಹೊರಗೆ ಬಂದವಳು ಕೌಂಟರಿಗೆ ಒರಗಿ, "ನನ್ನ ಜೀವ ನಿನ್ನ ಕೈಲಿ ಕಣೇ ಫ್ರಿಜ್ಜಮ್ಮ," ಎಂದು ತಮಾಷೆ ಮಾಡಿದಳು. ತಂಗಿಗೆ ನಗು ಬರಲಿಲ್ಲ.

ಅಕ್ಕ ಹೋದ ಮೇಲೆ ಅವಳು ಗೂಡಿನ ಹಿಂದೆ ಬಗ್ಗಿದಳು. ಯಂತ್ರವೆಂದು ಗೊತ್ತಿತ್ತು. ಹೆಸರನ್ನಿಟ್ಟವಳು ತಾನೇ ಎಂದೂ ಗೊತ್ತಿತ್ತು. ಆದರೂ ಆ ಕರಿ ತಂತಿ ಅಕ್ಕನ ಬೆನ್ನಿಗೆ ಕಚ್ಚಿಕೊಂಡಿರುವುದನ್ನು ಹಾಗೇ ಬಿಡಲಾಗಲಿಲ್ಲ. ಹೆರಿಗೆ ಆಗಿ ಮನೆಗೆ ಹೋಗಲಿ, ಮತ್ತೆ ಸಿಕ್ಕಿಸಿದರಾಯಿತು, ಯಾರಿಗೇನು ನಷ್ಟ? ಎರಡು ತಿರುಪು ಸಡಿಲಿಸಿ ಪಿನ್ನು ಕಿತ್ತಳು. ದೂರದಿಂದ ನೋಡಿದರೆ ಸಿಕ್ಕಿಸಿದಂತೆಯೇ ಕಾಣುವ ಹಾಗೆ ತುದಿಯನ್ನು ಗೂಡಿನ ಸಂದಿಯಲ್ಲಿ ಮಡಿಚಿಟ್ಟಳು.

ಆ ಸಂಜೆ ಆರಕ್ಕೆ 'ಇದ್ದೀಯಾ?' ಎಂದು ಬಂದಾಗ ಅವಳಿಗೆ ತಕ್ಷಣ ಉತ್ತರಿಸಲಾಗಲಿಲ್ಲ. ಹೇಳಿಬಿಡಬೇಕೆಂದು ಎರಡು ಸಾಲು ಬರೆದಳು. ಅಳಿಸಿದಳು. 'ಇದ್ದೀನಿ' ಎಂದಷ್ಟೇ ಕಳಿಸಿದಳು.

ಐದು ವಾರ ಏನೂ ಆಗಲಿಲ್ಲ. ಹಸಿರು ಚುಕ್ಕಿ ಮಿಣುಕುತ್ತಲೇ ಇತ್ತು. ಅವನು ಒಂದು ಸಲ ಬಂದು ಯಂತ್ರದ ಧೂಳು ಊದಿ, ಮುಂದಿನಿಂದಲೇ ನೋಡಿ, ಎಲ್ಲಾ ಚೆನ್ನಾಗಿದೆ ಎಂದ. ಅವಳ ಟೀ ಅರ್ಧ ಕುಡಿದ. ಹೋಗುವಾಗ ಬಾಗಿಲಲ್ಲಿ ತಿರುಗಿ ನೋಡಿದ. ಆ ನೋಟವನ್ನು ಅವಳು ಮನೆಗೆ ಒಯ್ದು ಎಷ್ಟೋ ಸಲ ತೆಗೆದು ನೋಡಿಕೊಂಡಳು, ಆದರೆ ಪ್ರತಿ ಸಲವೂ ಅದರ ಹಿಂದೆ ಆ ತಂತಿಯ ತುದಿ ನೆನಪಾಗುತ್ತಿತ್ತು.

ಅಂದು ಬೆಳಿಗ್ಗೆ ಛಾವಣಿಯೊಳಗಿನ ನೀರಿನ ಪೈಪು ಸೋರತೊಡಗಿತ್ತು. ಕೊಳಾಯಿ ರಿಪೇರಿಯವನು ಏಣಿ ಹಾಕಿ, ಗರಗಸ ಹಿಡಿದು ಅವಳ ಕೌಂಟರಿನ ಮೇಲೆಯೇ ಹತ್ತಿದ. ಹತ್ತು ಗಂಟೆಗೆ ಗರ್ರ್ ಎಂದು ಒಂದು ಸದ್ದು. "ಯಾವ್ದೋ ಹಳೇ ವೈರು, ಎರಡಿತ್ತು," ಎಂದು ಅವನು ಮೇಲಿನಿಂದಲೇ ಹೇಳಿದ. ಅವಳು ಪರದೆಯ ಕಡೆ ತಿರುಗುವಷ್ಟರಲ್ಲಿ ಹಸಿರು ಚುಕ್ಕಿ ಕೆಂಪಾಗಿತ್ತು. ಅದರ ಕೆಳಗೆ ಎರಡು ಸಾಲು ಮೂಡಿದವು. 'ತಂಗಿ ಮೌನ. ತಂಗಿಯ ಕರೆಂಟ್ ತೆಗೆಯಲಾಗಿದೆ.'

ತೆಗೆಯಲಾಗಿಲ್ಲ ಎಂದು ಜಗತ್ತಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಅವಳು ಅವನಿಗೆ ಫೋನ್ ಮಾಡಿ ವೈರು ತುಂಡಾದದ್ದನ್ನು ಹೇಳಿದಳು. ಕರಿ ತಂತಿಯ ಮಾತೊಂದನ್ನು ಬಿಟ್ಟು ಎಲ್ಲ ಹೇಳಿದಳು. ಅಂದು ಅವನು ದೂರದ ಒಂದು ಶಾಲೆಯಲ್ಲಿದ್ದ, ಬರಲು ಹೊತ್ತಾಗುತ್ತದೆ, ಅಕ್ಕ ನಡೆಯುತ್ತಿದ್ದಾಳಲ್ಲ, ಹೆದರಬೇಡಿ ಎಂದ. ನಿಜ, ಅವಳ ಪರದೆಯ ಮೇಲೆ ಎಲ್ಲವೂ ಎಂದಿನಂತೆಯೇ ಇತ್ತು. ಓ ನೆಗೆಟಿವ್ ಎರಡು ಚೀಲ, ತುರ್ತು ವಾರ್ಡಿನ ಫ್ರಿಜ್ಜಿನಲ್ಲಿ. ಮೇಲೆ ಹೋಗಿ ತಂಗಿಯನ್ನು ಒಮ್ಮೆ ನೋಡಿ ಬರೋಣವೆಂದುಕೊಂಡಳು. ಕೌಂಟರಿನೆದುರು ಸಾಲು ಬೆಳೆದಿತ್ತು. ಅವಳು ಹೋಗಲಿಲ್ಲ.

ಹನ್ನೊಂದೂವರೆಗೆ ಅವನು ಬಂದ, ನೇರ ಏಣಿ ಹತ್ತಿದ. ಕತ್ತರಿಸಿದ ತುದಿಗಳನ್ನು ಕೂಡಿಸುತ್ತ ಅವಳನ್ನು ಸಮಾಧಾನ ಮಾಡಲೆಂದು ಮಾತಾಡುತ್ತಲೇ ಇದ್ದ. ಕರಿ ತಂತಿ ತನ್ನ ಕೆಲಸ ಮಾಡಿದೆ, ತಂಗಿ ಈಗ ತಣ್ಣಗೆ ಮಲಗಿದ್ದಾಳೆ, ಈ ಜೋಡಣೆ ಆಗಿ ಎಬ್ಬಿಸಿದರೆ ಅಕ್ಕನ ಲೆಕ್ಕವನ್ನೆಲ್ಲ ತಾನೇ ನಕಲು ಮಾಡಿಕೊಳ್ಳುತ್ತಾಳೆ ಎಂದ. ಅವಳು ಏಣಿ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ದೊಡ್ಡ ಡಾಕ್ಟರಮ್ಮ. ಈಗ ಹೇಳು, ಈಗ ಹೇಳು ಎಂದು ಒಳಗಿನಿಂದ ಯಾರೋ ತಿವಿಯುತ್ತಿದ್ದರು. ತನ್ನ ಕೆಲಸವನ್ನು ಅಷ್ಟು ನಂಬಿಕೊಂಡಿದ್ದ ಆ ಮುಖದೆದುರು ಹೇಗೆ ಹೇಳುವುದು? ಜೋಡಣೆ ಮುಗಿದರೆ ಎಲ್ಲ ಸರಿಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಆಗ ಭಾವ ಓಡುತ್ತ ಬಂದರು. ಅಂಗಿಯ ಮುಂಭಾಗವೆಲ್ಲ ಕೆಂಪು. ಅಕ್ಕನಿಗೆ ಮನೆಯಲ್ಲೇ ರಕ್ತ ಹೋಗಲು ಶುರುವಾಗಿ, ಆಗಲೇ ಆಪರೇಷನ್ ಕೋಣೆಗೆ ಒಯ್ದಿದ್ದರು. ಡಾಕ್ಟರಮ್ಮ ಅತ್ತ ಓಡಿದರು.

ಅವಳು ಕೌಂಟರಿಗೆ ಧಾವಿಸಿದಳು. ಪರದೆಯಲ್ಲಿ ಎರಡೂ ಚೀಲಗಳನ್ನು ಅಕ್ಕನ ಹೆಸರಿಗೆ ಕಾದಿರಿಸಿ, ತುರ್ತು ವಾರ್ಡಿಗೆ ಫೋನ್ ಮಾಡಿ, ಎರಡನ್ನೂ ಈಗಲೇ ಕಳಿಸಿ ಎಂದಳು. ಆ ಕಡೆಯಿಂದ ಹೊಸ ನರ್ಸೊಬ್ಬಳ ದನಿ ಬಂತು. ಈಗಷ್ಟೇ ಡ್ಯೂಟಿ ಬದಲಾಗಿದೆ, ಫ್ರಿಜ್ಜಿನಲ್ಲಿ ಎರಡಿಲ್ಲ, ಒಂದೇ ಇದೆ, ಅದರ ಚೀಟಿಯೂ ಹರಿದಿದೆ, ಯಾರೋ ಹೊರಗೆ ತೆಗೆದು ವಾಪಸ್ ಇಟ್ಟಂತಿದೆ ಎಂದಳು. ಎಷ್ಟು ಹೊತ್ತು ಹೊರಗಿತ್ತು ಎಂದು ಕೇಳಿದರೆ ಗೊತ್ತಿಲ್ಲ. ಕಂಪ್ಯೂಟರ್ ನೋಡೋಣವೆಂದರೆ ಆಕೆಯ ಬಳಿ ಇನ್ನೂ ಪಾಸ್‌ವರ್ಡ್ ಇಲ್ಲ. ಹಿಂದಿನ ನರ್ಸು ಮನೆಗೆ ಹೊರಟು ಹತ್ತು ನಿಮಿಷವಾಗಿದೆ, ಫೋನ್ ಎತ್ತುತ್ತಿಲ್ಲ.

ಅರ್ಧ ಗಂಟೆಗಿಂತ ಹೆಚ್ಚು ಹೊರಗಿದ್ದ ರಕ್ತ ಮನುಷ್ಯರಿಗೆ ಕೊಡುವಂತಿಲ್ಲ. ಕೊಟ್ಟರೆ ಕೊಲ್ಲಬಹುದು. ಕೊಡದಿದ್ದರೆ ಅಕ್ಕ ಉಳಿಯುವುದಿಲ್ಲ. ಮುಂದಿನ ರಕ್ತನಿಧಿ ಮುಕ್ಕಾಲು ಗಂಟೆ ದೂರ.

ಅವಳ ಪರದೆಯ ಮೇಲೆ ಆ ಚೀಲವನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಅಂದರೆ ಮುಟ್ಟಿದ್ದು ಬೇರೆಲ್ಲೋ ದಾಖಲಾಗಿದೆ. ತಂಗಿ ಮಲಗಿಲ್ಲ. ಹತ್ತು ಗಂಟೆಯಿಂದ ಮೇಲೆ ಒಬ್ಬಳೇ ಯಜಮಾನಿಯಾಗಿ ಕೂತು ತನ್ನದೇ ಲೆಕ್ಕ ಬರೆಯುತ್ತಿದ್ದಾಳೆ. ಅವಳು ತಲೆಯೆತ್ತಿದಳು. ಅವನು ಏಣಿಯಿಂದ ಇಳಿದು, ಗೂಡಿನ ಮುಂದೆ ಬಗ್ಗಿ, ಕೂಡಿಸಿದ ತಂತಿಯ ಪಿನ್ನನ್ನು ಅಕ್ಕನಿಗೆ ಸಿಕ್ಕಿಸಲು ಹೊರಟಿದ್ದ. ಅದು ಒಳಗೆ ಹೋದ ಕ್ಷಣ ಅಕ್ಕನ ಲೆಕ್ಕ ತಂಗಿಯ ಮೇಲೆ ಬರೆದುಕೊಳ್ಳುತ್ತದೆ, ತಂಗಿ ಬರೆದದ್ದೆಲ್ಲ ಅಳಿಸಿಹೋಗುತ್ತದೆ.

"ಹಾಕ್ಬೇಡಿ," ಎಂದಳು. "ತಂಗಿ ಬದುಕಿದಾಳೆ."

"ಹೇಗೆ? ಕರಿ ತಂತಿ ಇದೆಯಲ್ಲ."

"ಇಲ್ಲ. ನಾನು ಕಿತ್ತಿದೀನಿ. ಐದು ವಾರ ಆಯ್ತು."

ಅವನ ಕೈ ನಿಂತಿತು. ಪಿನ್ನಿಗೂ ತೂತಿಗೂ ನಡುವೆ ಒಂದು ಉಗುರಿನಷ್ಟು ಜಾಗ. ಅವನು ಅವಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿತ್ತೋ, ಹೆದರಿಕೆಯಿತ್ತೋ, ನಂಬಿಕೆ ಒಡೆದದ್ದಿತ್ತೋ, ಬಿಡಿಸಿ ನೋಡಲು ಅವಳಿಗೆ ಹೊತ್ತಿರಲಿಲ್ಲ. ಅವನು ಪಿನ್ನನ್ನು ನೆಲಕ್ಕೆ ಬಿಟ್ಟು, ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಓಡಿದ.

ಫೋನಿನಲ್ಲಿ ಮೊದಲು ಅವನ ಏದುಸಿರು, ಆಮೇಲೆ ಕೀಬೋರ್ಡಿನ ಸದ್ದು. ಭಾವ ಗೋಡೆಗೆ ಒರಗಿ ಕುಸಿದಿದ್ದರು.

"ಇದೆ," ಎಂದ ಅವನು. "ಹತ್ತೂ ಐವತ್ತಕ್ಕೆ ಎರಡು ಚೀಲ ಹೊರಗೆ, ಅಪಘಾತದ ಕೇಸು. ಒಂದು ಕೊಟ್ಟಿದಾರೆ. ಇನ್ನೊಂದು ವಾಪಸ್... ಹನ್ನೊಂದೂ ಐದಕ್ಕೆ."

"ಚೀಲದ ನಂಬರ್ ಓದಿ."

ಅವನು ಓದಿದ. ಅವಳು ನರ್ಸಿನ ಕೈಲಿದ್ದ ಚೀಲದ ನಂಬರನ್ನು ಇನ್ನೊಂದು ಫೋನಿನಲ್ಲಿ ಓದಿಸಿದಳು. ಒಂದೊಂದೇ ಅಂಕಿ, ಎರಡು ಕಿವಿಗಳಲ್ಲಿ ಎರಡು ದನಿ. ಹೊಂದಿತು. ಹದಿನೈದು ನಿಮಿಷ ಹೊರಗಿದ್ದ ರಕ್ತ. ಕೊಡಬಹುದು.

"ಕೊಡಿ," ಎಂದಳು. ಆಮೇಲೆ ಮುಂದಿನ ರಕ್ತನಿಧಿಗೆ ಫೋನ್ ಮಾಡಿ ಇನ್ನೊಂದು ಚೀಲ ಕಳಿಸಿ ಎಂದಳು.

ಒಂದು ಚೀಲ ಸಾಲಲಿಲ್ಲ. ಎರಡನೆಯದು ದೂರದಿಂದ ಬರುವಷ್ಟರಲ್ಲಿ ರಕ್ತ ನಿಲ್ಲಿಸಲು ಡಾಕ್ಟರು ಅಕ್ಕನ ಗರ್ಭಕೋಶವನ್ನೇ ತೆಗೆಯಬೇಕಾಯಿತು. ಅಕ್ಕ ಉಳಿದಳು, ಹೆಣ್ಣು ಮಗು ಉಳಿಯಿತು. ಇನ್ನೊಂದು ಮಗು ಆಗುವ ಮಾತು ಮಾತ್ರ ಅಲ್ಲಿಗೆ ಮುಗಿಯಿತು. ಮೊದಲೇ ಎರಡೂ ಚೀಲ ಇದ್ದಿದ್ದರೆ, ಕಾಲು ಗಂಟೆ ಮೊದಲೇ ಬಾಯಿ ಬಿಟ್ಟಿದ್ದರೆ ಎಂಬ ಯೋಚನೆಗಳು ಅವಳನ್ನು ಕಿತ್ತು ತಿಂದವು.

ಅವಳು ರಜೆ ಹಾಕಿ ಅಕ್ಕನ ಮನೆಯಲ್ಲೇ ಉಳಿದಳು. ಬಟ್ಟೆ ಒಗೆದಳು, ಅಡುಗೆ ಮಾಡಿದಳು, ಅಕ್ಕನ ತಲೆ ಬಾಚಿದಳು, ಮಗುವನ್ನು ಎತ್ತಿಕೊಂಡು ಓಡಾಡಿದಳು. ಅಕ್ಕ ಏನಾದರೂ ಕೇಳಿದರೆ ಹೂಂ, ಊಹೂಂ. ದಿನಾ ಸಂಜೆ ಆರಕ್ಕೆ ಫೋನು ಒಮ್ಮೆ ಗುಣುಗುಡುತ್ತಿತ್ತು. ಅವಳು ತೆರೆದು ನೋಡುತ್ತಿರಲಿಲ್ಲ. ತನ್ನನ್ನು ನಂಬಿ ಮೋಸಹೋದವನು ಏನು ಬರೆದಿರುತ್ತಾನೆಂದು ನೋಡುವ ಎದೆಗಾರಿಕೆ ಎಲ್ಲಿಂದ ತರುವುದು? ನಾಲ್ಕನೆಯ ದಿನ ಫೋನನ್ನೇ ಆರಿಸಿ ಕಪಾಟಿನಲ್ಲಿ ಬಟ್ಟೆಯ ಕೆಳಗಿಟ್ಟಳು.

ಹತ್ತನೆಯ ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆರೆದರೆ ಅವನು. ಮೊಣಕೈವರೆಗೆ ಮಡಿಚಿದ ಅಂಗಿ, ಅದೇ ಧೂಳು. ಬಸ್ಸಿನಿಂದ ಇಳಿದು ಮನೆ ಹುಡುಕಿ ಹುಡುಕಿ ಬೆವೆತಿದ್ದ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಹತ್ತು ಸಲ ಕೇಳ್ದೆ," ಎಂದ ಅವನು. "ಉತ್ತರ ಬರ್ಲಿಲ್ಲ. ಕಾಲಿವೆಯಲ್ಲ, ನೋಡೋಕೆ ಬಂದೆ."

ಅವಳಿಗೆ ಅಳು ಒತ್ತರಿಸಿ ಬಂತು. ಒಳಗೆ ಅಕ್ಕ ಮಲಗಿದ್ದಾಳೆಂದು ದನಿ ತಗ್ಗಿಸಿ, ಬಾಗಿಲಲ್ಲೇ ಎಲ್ಲವನ್ನೂ ಹೇಳಿದಳು. ಅಂದಿನ ಸ್ಕ್ಯಾನಿಂಗು, ಅಕ್ಕನ ಬೆನ್ನಿಗೆ ಕಚ್ಚಿದ್ದ ತಂತಿ, ಏಣಿ ಹಿಡಿದು ನಿಂತಾಗ ಹೇಳದೆ ನುಂಗಿದ ಕಾಲು ಗಂಟೆ. ಅಕ್ಕನನ್ನು ಉಳಿಸಲೆಂದು ಕಿತ್ತ ತಂತಿಯೇ ಅಕ್ಕನನ್ನು ಕೊಲ್ಲಲು ಬಂತು, ಇದನ್ನು ಅಕ್ಕನಿಗೆ ಇನ್ನೂ ಹೇಳಿಲ್ಲ ಎಂದಳು.

ಅವನು ಕೇಳಿಸಿಕೊಂಡ.

"ತಂತಿ ನಿಮ್ದು," ಎಂದ ಕೊನೆಗೆ. "ಅದನ್ನ ನನ್ನ ಮೇಲೆ ಹಾಕ್ಕೊಳಲ್ಲ. ಡಾಕ್ಟರಮ್ಮನಿಗೆ ನೀವೇ ಹೇಳ್ಬೇಕು. ಆದ್ರೆ ತೂತು ನಂದು. ಅದನ್ನ ನಾನು ಹೇಳಿ ಬಂದೆ."

"ಯಾವ ತೂತು?"

"ಎರಡು ತಂತಿ ಬೇರೆ ಬೇರೆ ದಾರೀಲಿ ಹೋಗಿದ್ರೆ, ಒಂದು ಗರಗಸಕ್ಕೆ ಎರಡೂ ಹೋಗ್ತಿರ್ಲಿಲ್ಲ. ಹದಿನಾರು ಕಡೆ ಕಟ್ಟಿದೀನಿ, ಎಲ್ಲೂ ಹಾಗೆ ಮಾಡಿಲ್ಲ." ಅವನು ತನ್ನ ಕೈಗಳನ್ನು ನೋಡಿಕೊಂಡ. "ಆ ತುದಿಗೆ ಏಣಿ ಒಯ್ದಿದ್ರೆ ಹಿಡಿಯೋಕೆ ನೀವು ಇರ್ತಿರ್ಲಿಲ್ಲ. ಇನ್ನೊಂದು ಅರ್ಧ ಗಂಟೆ ನೀವು ಕೆಳಗೆ ನಿಂತು ನನ್ನ ಕಡೆ ನೋಡ್ತಾ ಇರ್ಲಿ ಅನ್ನಿಸ್ತು. ಅಷ್ಟೇ ಆಸೆಗೆ ಅಂಥಾ ಕೆಲ್ಸ ಮಾಡ್ದೆ. ನಿಮ್ಮನ್ನ ಇಷ್ಟಪಟ್ಟಿದೀನಿ ಅಂತ ಬಾಯಲ್ಲಿ ಹೇಳೋಕೆ ಧೈರ್ಯ ಇರ್ಲಿಲ್ಲ."

ಬೀದಿಯಲ್ಲಿ ಯಾರದೋ ಸೈಕಲ್ಲು ಗಂಟೆ ಬಾರಿಸುತ್ತ ಹೋಯಿತು.

"ನೀನು ಅಲ್ಲಿಗೆ ಒಯ್ದಿದ್ರೂ ಕೌಂಟರ್ ಬಿಟ್ಟು ಬರ್ತಿದ್ದೆ," ಎಂದಳು. ಅವಳು ಅವನಿಗೆ 'ನೀನು' ಎಂದದ್ದು ಅದೇ ಮೊದಲು. "ಕೇಳ್ಬೇಕಿತ್ತು, ಅಷ್ಟೇ."

ಆಗ ಇಬ್ಬರಿಗೂ ಒಟ್ಟಿಗೇ ಗಮನಕ್ಕೆ ಬಂತು, ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಷ್ಟು ಹೊತ್ತೂ ಒಳಗಿನಿಂದ ಕೇಳಿಬರುತ್ತಿದ್ದ ಮಂಚದ ಕಿರುಗುಟ್ಟುವಿಕೆ, ಅಕ್ಕ ಮಗುವನ್ನು ತಟ್ಟುವ ಸದ್ದು, ಯಾವಾಗಲೋ ನಿಂತುಹೋಗಿದ್ದವು.

ಅವಳ ಮುಖ ಬಿಳಿಚಿಕೊಂಡಿತು. "ಅಕ್ಕಾ?" ಎಂದು ಕರೆದಳು. ಉತ್ತರವಿಲ್ಲ. ಇನ್ನೊಮ್ಮೆ ಕರೆದಳು, ದನಿ ಒಡೆಯಿತು. ಒಳಗೆ ಅದೇ ಮೌನ. ಕಾಲು ನೆಲಕ್ಕೆ ಅಂಟಿಕೊಂಡಂತಾಯಿತು. ಆ ಮೌನ ಎಂಥದೆಂದು ತಿಳಿಯುವುದಕ್ಕಿಂತ ಇಲ್ಲೇ ನಿಂತಿರುವುದು ಮೇಲು ಅನ್ನಿಸಿತು. ಅವನು ಅವಳ ಕೈ ಹಿಡಿದ, ಅವಳು ಬಿಡಿಸಿಕೊಳ್ಳಲಿಲ್ಲ. ಇಬ್ಬರೂ ಹೆಜ್ಜೆಯಿಟ್ಟು ಒಳಕೋಣೆಯ ಹೊಸ್ತಿಲಿಗೆ ಬಂದರು.

ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಮಗು ಎದೆಯ ಮೇಲೆ ನಿದ್ದೆಹೋಗಿತ್ತು. ಕೆನ್ನೆಯೆಲ್ಲ ಒದ್ದೆಯಾಗಿತ್ತು, ಒಂದು ಕೈ ಹೊದಿಕೆಯ ಮೇಲಿನಿಂದ ತನ್ನ ಹೊಟ್ಟೆಯನ್ನು ಒತ್ತಿಹಿಡಿದಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ತಂಗಿಯನ್ನು ನೋಡಿದಳು, ಕೈಹಿಡಿದು ನಿಂತಿದ್ದ ಧೂಳುಗೈಯವನನ್ನು ನೋಡಿದಳು, ಮತ್ತೆ ತಂಗಿಯನ್ನು ನೋಡಿದಳು.

ಕೊನೆಗೆ ಹೊಟ್ಟೆಯ ಮೇಲಿದ್ದ ಕೈಯೆತ್ತಿ, ಮಂಚದ ಅಂಚಿನಲ್ಲಿ ಜಾಗ ಮಾಡಿ, ಮಗು ಏಳದ ಹಾಗೆ ಮೆಲ್ಲಗೆ ಹೇಳಿದಳು.

"ಇದ್ದೀನಿ ಕಣೇ. ಬಾ."